ಟ್ಯಾಬ್ಲೆಟ್, ಡಾಕ್, ಎರಡು ಮಾನಿಟರ್: ಕೇಬಲ್ ಕೀಳುವ ಮುಂಚೆ ಮಾಡಬೇಕಾದ ಲೆಕ್ಕ

"ಸರ್, ಎಡಗಡೆ ಮಾನಿಟರ್ ಹೋಗ್ಬಿಟ್ಟಿದೆ. ನಿನ್ನೆ ತನಕ ಚೆನ್ನಾಗಿತ್ತು, ನಾನೇನೂ ಮುಟ್ಟಿಲ್ಲ."

ಐಟಿ ಸಪೋರ್ಟ್‌ನಲ್ಲಿ ಇರುವವರು ಈ ಮಾತು ಕೇಳದೆ ವಾರ ಕಳೆಯುವುದಿಲ್ಲ. ಹೋಗಿ ನೋಡಿದರೆ ಮಾನಿಟರ್‌ಗೆ ಏನೂ ಆಗಿರುವುದಿಲ್ಲ. ಲ್ಯಾಪ್‌ಟಾಪ್ ಇದ್ದ ಮೇಜುಗಳಿಗೆ ಟ್ಯಾಬ್ಲೆಟ್ ಮತ್ತು ಡಾಕಿಂಗ್ ಸ್ಟೇಷನ್ (ಡಾಕ್, ಅಂದರೆ ಒಂದೇ ಕೇಬಲ್‌ನಲ್ಲಿ ಟ್ಯಾಬ್ಲೆಟ್‌ಗೆ ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ಪೆಟ್ಟಿಗೆ) ಬಂದ ಮೇಲಂತೂ ಇಂಥ ದೂರು ಹೆಚ್ಚಾಗಿದೆ. ಕೇಬಲ್ ಕಿತ್ತು ಹಾಕುವುದು, ಮಾನಿಟರ್ ಅದಲು ಬದಲು ಮಾಡುವುದು, ಹೊಸ ಡಾಕ್ ತರಿಸುವುದು, ಇದೆಲ್ಲ ಆಮೇಲೆ. ಈ ಟ್ಯಾಬ್ಲೆಟ್ ಎಷ್ಟು ಪರದೆಗೆ ಚಿತ್ರ ಕೊಡಬಲ್ಲದು, ಎಷ್ಟು ದೊಡ್ಡ ಚಿತ್ರ ಕೊಡಬಲ್ಲದು ಎಂದು ನಾನು ಮೊದಲು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಡಾಕ್ ತಾನಾಗಿ ಚಿತ್ರ ತಯಾರಿಸುವುದಿಲ್ಲ (ಡಿಸ್‌ಪ್ಲೇಲಿಂಕ್ ಡಾಕ್‌ಗಳ ವಿಷಯ ಬೇರೆ, ಮುಂದೆ ಬರುತ್ತೇನೆ). ಟ್ಯಾಬ್ಲೆಟ್ ಕೊಟ್ಟಿದ್ದನ್ನು ಹಂಚುವುದಷ್ಟೇ ಅದರ ಕೆಲಸ. ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ನಲ್ಲಿ ಎಷ್ಟಿದ್ದರೇನು? ಡಾಕ್‌ನ ಬೆನ್ನಿಗೆ ಮಾನಿಟರ್ ಚುಚ್ಚುವ ಪೋರ್ಟ್‌ಗಳು ಮೂರು, ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇದೆ ಎಂದ ಮಾತ್ರಕ್ಕೆ ಮೂರು ಮಾನಿಟರ್ ಬೆಳಗಬೇಕೆಂಬ ನಿಯಮವಿಲ್ಲ.

ಮೊದಲ ಲೆಕ್ಕ ಪರದೆಗಳದ್ದು. ಇಲ್ಲಿ ಎಲ್ಲರೂ ಮರೆಯುವುದು ಟ್ಯಾಬ್ಲೆಟ್‌ನ ಸ್ವಂತ ಪರದೆಯನ್ನು. ಎರಡು ಮಾನಿಟರ್ ಎಂದರೆ ಒಟ್ಟು ಮೂರು ಪರದೆ. ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿ (ಪ್ರೊಸೆಸರ್ ಚಿಪ್‌ನೊಳಗೇ ಇರುವ, ಚಿತ್ರ ತಯಾರಿಸುವ ಭಾಗ) ಒಟ್ಟಿಗೆ ಮೂರು ಪರದೆ ಓಡಿಸುವ ಸೌಲಭ್ಯ ಬಂದದ್ದೇ 2012ರ ಮೂರನೇ ತಲೆಮಾರಿನ ಕೋರ್ ಚಿಪ್‌ಗಳಲ್ಲಿ. ಆಮೇಲೆ ಬಂದ, ಇಂಟೆಲ್‌ನದೇ ಅಗ್ಗದ ಆಟಮ್ ಚಿಪ್ ಇರುವ ಟ್ಯಾಬ್ಲೆಟ್‌ಗಳಲ್ಲಿ ಅನೇಕವು ಎರಡಕ್ಕೇ ನಿಂತುಬಿಡುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ಟ್ಯಾಬ್ಲೆಟ್‌ನ ಸ್ವಂತ ಪರದೆಯನ್ನು ಆಫ್ ಮಾಡಿ. ಅದುವರೆಗೆ ಕಪ್ಪಾಗಿದ್ದ ಮಾನಿಟರ್ ತಕ್ಷಣ ಹೊತ್ತಿಕೊಂಡರೆ ಯಾವ ಉಪಕರಣವೂ ಕೆಟ್ಟಿಲ್ಲ, ಚಿಪ್‌ನ ಮಿತಿ ಅಷ್ಟೇ. ಮೇಜಿನ ಮೇಲೆ ಎರಡು ದೊಡ್ಡ ಮಾನಿಟರ್ ಇರುವವರಿಗೆ ಆ ಚಿಕ್ಕ ಪರದೆ ಹೇಗೂ ಬೇಕಾಗುವುದಿಲ್ಲ. ಹಾಗೇ ಬಿಟ್ಟು ಬರುತ್ತೇನೆ.

ಐಪ್ಯಾಡ್ ಬಳಸುವವರ ಕಥೆ ಬೇರೆ. ಅವರ ದೂರು, "ಎರಡರಲ್ಲೂ ಒಂದೇ ಚಿತ್ರ ಬರ್ತಿದೆ". ಎಂ ಸರಣಿಯ ಚಿಪ್ ಇರುವ ಐಪ್ಯಾಡ್‌ಗೆ ಹೊರ ಪರದೆಯನ್ನು ಪ್ರತ್ಯೇಕ ಪರದೆಯಾಗಿ ಬಳಸುವ ಸೌಲಭ್ಯ 2022ರ ಕೊನೆಗೆ, ಐಪ್ಯಾಡ್‌ಓಎಸ್ 16.2ರಲ್ಲಿ ಬಂತು. ಅದೂ ಒಂದೇ ಹೊರ ಪರದೆ. ಡಾಕ್ ಎಷ್ಟೇ ದುಬಾರಿಯದ್ದಾಗಿರಲಿ, ಎರಡನೇ ಮಾನಿಟರ್‌ನಲ್ಲಿ ಮೊದಲನೆಯದರ ನಕಲೇ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಇದಕ್ಕೆ ರಿಪೇರಿ ಇಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಇಬ್ಬರ ಸಮಯವೂ ಉಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಇನ್ನೂ ಕಷ್ಟ. ಎಷ್ಟೋ ಟ್ಯಾಬ್ಲೆಟ್‌ಗಳ ಯುಎಸ್‌ಬಿ-ಸಿ ಪೋರ್ಟ್‌ನಿಂದ ವಿಡಿಯೋ ಹೊರಗೆ ಬರುವುದೇ ಇಲ್ಲ. ಪೋರ್ಟ್‌ನ ಆಕಾರ ನೋಡಿ ಅದರ ಸಾಮರ್ಥ್ಯ ಹೇಳಲು ಬರುವುದಿಲ್ಲ.

ಎರಡನೇ ಲೆಕ್ಕ ಸ್ವಲ್ಪ ತಲೆ ತಿನ್ನುತ್ತದೆ. ಆದರೆ "ಒಂದು ದಿನ ಎಡಗಡೆದು, ಇನ್ನೊಂದು ದಿನ ಬಲಗಡೆದು" ಎನ್ನುವಂಥ ವಿಚಿತ್ರ ದೂರುಗಳಿಗೆ ಉತ್ತರ ಇರುವುದು ಇಲ್ಲೇ.

ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ದಾರಿಗಳು, ಅಂದರೆ ಲೇನ್‌ಗಳು, ನಾಲ್ಕು. ಡಾಕ್‌ನಲ್ಲಿ ವೇಗದ ಯುಎಸ್‌ಬಿ ಪೋರ್ಟ್‌ಗಳೂ ಇದ್ದರೆ ಸಾಮಾನ್ಯವಾಗಿ ಎರಡು ಲೇನ್ ಡೇಟಾಕ್ಕೆ ಹೋಗಿ, ಎರಡು ಮಾತ್ರ ಚಿತ್ರಕ್ಕೆ ಉಳಿಯುತ್ತವೆ. ಚಿತ್ರ ಈ ಲೇನ್‌ಗಳಲ್ಲಿ ಹೋಗುವುದು ಡಿಸ್‌ಪ್ಲೇಪೋರ್ಟ್ ಮಾನದಂಡದ ಪ್ರಕಾರ. ಟ್ಯಾಬ್ಲೆಟ್‌ನದ್ದು ಅದರ 1.2 ಆವೃತ್ತಿ ಆಗಿದ್ದರೆ ಒಂದು ಲೇನ್‌ಗೆ ಸೆಕೆಂಡಿಗೆ 5.4 ಗಿಗಾಬಿಟ್, ಎರಡಕ್ಕೆ 10.8. ಸಂಕೇತೀಕರಣದಲ್ಲಿ, ಅಂದರೆ ಚಿತ್ರವನ್ನು ತಂತಿಯಲ್ಲಿ ಕಳಿಸಲು ಸಂಕೇತವಾಗಿ ಬದಲಿಸುವಾಗ, ಐದರಲ್ಲಿ ಒಂದು ಪಾಲು ಹೋಗಿ ಕೈಗೆ ಸಿಗುವುದು 8.6. ಇನ್ನು ಖರ್ಚು. 1080ಪಿ (1920×1080 ಚುಕ್ಕೆಗಳ) ಮಾನಿಟರ್ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಾಗ, ಸುಮಾರು 3.5 ಗಿಗಾಬಿಟ್ ಬೇಡುತ್ತದೆ, 1440ಪಿ (2560×1440) ಮಾನಿಟರ್ ಸುಮಾರು 5.8. ಎರಡು 1080ಪಿ ಮಾನಿಟರ್ ಎಂದರೆ 7, ಆರಾಮವಾಗಿ ಹಿಡಿಸುತ್ತವೆ. ಒಂದು 1440ಪಿ, ಒಂದು 1080ಪಿ ಎಂದರೆ 9.3, ಅಲ್ಲಿಗೇ ಮಿತಿ ಮೀರಿತು. ಎರಡೂ 1440ಪಿ ಆದರೆ 11.6, ಆಸೆಯೇ ಬೇಡ.

ಒಂದು ವಿಭಾಗದಲ್ಲಿ ಹಳೆಯ 1080ಪಿ ಮಾನಿಟರ್‌ಗಳನ್ನು ತೆಗೆದು ಹೊಸ 1440ಪಿ ಮಾನಿಟರ್ ಹಾಕಿಸಿದ್ದರು. ಟ್ಯಾಬ್ಲೆಟ್, ಡಾಕ್ ಎಲ್ಲ ಹಳೆಯದೇ. ಮರುದಿನದಿಂದ ದೂರು ಶುರು, ಅದೂ ಒಬ್ಬೊಬ್ಬರದು ಒಂದೊಂದು ಥರ. ಒಬ್ಬರ ಎಡ ಮಾನಿಟರ್ ಕಪ್ಪು, ಪಕ್ಕದವರ ಬಲ ಮಾನಿಟರ್‌ನಲ್ಲಿ ಅಕ್ಷರ ಉಬ್ಬಿ ಮಸುಕು. ಗಮನಿಸಿದಾಗ ಗೊತ್ತಾಗಿದ್ದಿಷ್ಟು. ಮೊದಲು ಎಚ್ಚರಗೊಂಡ ಮಾನಿಟರ್ ತನ್ನ 5.8 ಗಿಗಾಬಿಟ್ ಪಡೆದು ಕೂರುತ್ತಿತ್ತು. ಉಳಿದ 2.8ರಲ್ಲಿ 1080ಪಿ ಚಿತ್ರ ಕೂಡ 60 ಹರ್ಟ್ಸ್‌ಗೆ ಹಿಡಿಸದು. ಹಾಗಾಗಿ ತಡವಾಗಿ ಎದ್ದದ್ದಕ್ಕೆ ತೀರಾ ಕಡಿಮೆ ರೆಸಲ್ಯೂಷನ್, ಇಲ್ಲವೇ ಕತ್ತಲೆ. ಯಾವುದು ಮೊದಲು ಏಳುತ್ತದೆ ಎಂಬುದು ದಿನಕ್ಕೊಂದು ಥರ ಇದ್ದುದರಿಂದ ದೂರೂ ದಿನಕ್ಕೊಂದು ಥರ. ಎರಡನ್ನೂ 1080ಪಿಗೆ ಇಳಿಸಿದ ಕೂಡಲೇ ಎರಡೂ ಸ್ಥಿರವಾದವು. ಅಕ್ಷರ ಸ್ವಲ್ಪ ಮಸುಕು ಎಂದು ಗೊಣಗಿದರು, ನ್ಯಾಯವೇ. 1440ಪಿಯಲ್ಲೇ ಬಿಟ್ಟು ಎರಡನ್ನೂ 30 ಹರ್ಟ್ಸ್‌ಗೆ ಇಳಿಸುವುದೂ ಒಂದು ದಾರಿ, ಆದರೆ ಅದರಲ್ಲಿ ಮೌಸ್ ಎಳೆದಾಡಿದಂತೆ ಕಾಣುತ್ತದೆ. ಎಕ್ಸೆಲ್ ಹಾಳೆ ಇಟ್ಟುಕೊಂಡು ದಿನವಿಡೀ ಕೂರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಆ ವಿಭಾಗಕ್ಕೆ ನಿಜವಾಗಿ ಬೇಕಿದ್ದದ್ದು ಡಿಸ್‌ಪ್ಲೇಪೋರ್ಟ್ 1.4 ಇರುವ ಟ್ಯಾಬ್ಲೆಟ್, ಜೊತೆಗೆ ಅದೇ ವೇಗ ನಿಭಾಯಿಸುವ ಡಾಕ್. ಆಗ ಅದೇ ಎರಡು ಲೇನ್‌ಗಳಲ್ಲಿ ಸುಮಾರು 13 ಗಿಗಾಬಿಟ್ ಸಿಗುತ್ತದೆ, ಎರಡು 1440ಪಿಗೆ ಸಾಕು. ಟ್ಯಾಬ್ಲೆಟ್, ಡಾಕ್ ಎರಡರಲ್ಲಿ ಒಂದು ಹಳೆಯದಾದರೂ ಲೆಕ್ಕ ಮತ್ತೆ 8.6ಕ್ಕೇ ಬಂದು ನಿಲ್ಲುತ್ತದೆ.

ಲೆಕ್ಕ ಸರಿಯಿದ್ದೂ ಚಿತ್ರ ಬರದಿದ್ದರೆ ಆಗ ಕೇಬಲ್ ಕಡೆ ಕಣ್ಣು ಹಾಯಿಸುತ್ತೇನೆ. ಡಾಕ್ ಜೊತೆ ಬಂದ ಕೇಬಲ್ ಯಾರದೋ ಬ್ಯಾಗ್ ಸೇರಿ, ಅದರ ಜಾಗಕ್ಕೆ ಫೋನ್ ಚಾರ್ಜರ್‌ನ ಕೇಬಲ್ ಬಂದಿರುತ್ತದೆ. ಅಂಥ ಕೇಬಲ್‌ಗಳಲ್ಲಿ ಹೆಚ್ಚಿನವಕ್ಕೆ ವೇಗದ ಲೇನ್‌ಗಳ ತಂತಿಯೇ ಇರುವುದಿಲ್ಲ. ಗುರುತು ಹೀಗೆ: ಟ್ಯಾಬ್ಲೆಟ್ ಚಾರ್ಜ್ ಆಗುತ್ತದೆ, ಡಾಕ್‌ಗೆ ಚುಚ್ಚಿದ ಕೀಬೋರ್ಡ್ ಕೆಲಸ ಮಾಡುತ್ತದೆ, ಎರಡೂ ಮಾನಿಟರ್ ಮಾತ್ರ ಕಪ್ಪು. ಒಂದಲ್ಲ, ಎರಡೂ ಕಪ್ಪು ಎನ್ನುವುದು ಇಲ್ಲಿ ಮುಖ್ಯ. ಇನ್ನೊಂದು ಚಾಣಾಕ್ಷ ಕೇಬಲ್ ಇದೆ, ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ. ಸಾಮಾನ್ಯವಾಗಿ ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ: ಡಾಕ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ಎರಡೂ ತುದಿ ಸಲೀಸಾಗಿ ಕೂರುತ್ತವೆ, ಚಿತ್ರ ಮಾತ್ರ ಇಲ್ಲ.

ಡಿಸ್‌ಪ್ಲೇಲಿಂಕ್ ಡಾಕ್‌ಗಳಿಗೆ ಮೇಲಿನ ಲೇನ್ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಟ್ಯಾಬ್ಲೆಟ್‌ನಲ್ಲಿ ಹಾಕಿದ ಡ್ರೈವರ್ ತಂತ್ರಾಂಶ ಚಿತ್ರವನ್ನು ಒತ್ತಿ ಕುಗ್ಗಿಸಿ ಯುಎಸ್‌ಬಿ ಡೇಟಾ ದಾರಿಯಲ್ಲೇ ಕಳಿಸುತ್ತದೆ, ಡಾಕ್ ಒಳಗಿನ ಚಿಪ್ ಅದನ್ನು ಮತ್ತೆ ಬಿಡಿಸುತ್ತದೆ. ಹಾಗಾಗಿ ಡ್ರೈವರ್ ಇಲ್ಲದೆ ಮಾನಿಟರ್ ಬೆಳಗದು. ನೆಟ್‌ವರ್ಕ್, ಮೌಸ್ ಎಲ್ಲ ಸರಿ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಮಾನಿಟರ್ ಇಲ್ಲ ಎಂದರೆ ನನ್ನ ಮೊದಲ ಅನುಮಾನ ಡ್ರೈವರ್ ಮೇಲೆ. ನಕಲು ರಕ್ಷಣೆ ಇರುವ ಸಿನಿಮಾ ಇವುಗಳಲ್ಲಿ ಕಪ್ಪಾಗಿ ಕಾಣುವುದುಂಟು. ಕಚೇರಿ ಕೆಲಸಕ್ಕೆ ಅದು ಕೊರತೆ ಎಂದು ನನಗನ್ನಿಸಿಲ್ಲ.

ಊಟ ಮುಗಿಸಿ ಬಂದಾಗ ಒಂದು ಮಾನಿಟರ್ ಏಳುವುದಿಲ್ಲ ಎನ್ನುವ ದೂರಿಗೆ ಮೊದಲು ಮಾನಿಟರ್‌ನ ಮೆನು ತೆರೆಯುತ್ತೇನೆ. ಡೀಪ್ ಸ್ಲೀಪ್ ಇದ್ದರೆ ಆಫ್ ಮಾಡಿ, ಇನ್‌ಪುಟ್ ಅನ್ನು ಆಟೋದಿಂದ ತೆಗೆದು ಬಳಸುತ್ತಿರುವ ಪೋರ್ಟ್‌ಗೇ ನಿಲ್ಲಿಸುತ್ತೇನೆ. ಆಟೋದಲ್ಲಿದ್ದರೆ ಮಾನಿಟರ್ ಒಂದೊಂದೇ ಪೋರ್ಟ್ ತಡಕುತ್ತಾ, ಸಿಗ್ನಲ್ ಬರುವ ಹೊತ್ತಿಗೆ ಮತ್ತೆ ಮಲಗಿಬಿಡುತ್ತದೆ. ಅಷ್ಟಕ್ಕೂ ಏಳದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಕೆಲಸ ಹೋಗುವುದಿಲ್ಲ. ಕೊನೆಯ ಉಪಾಯ, ಡಾಕ್‌ನಿಂದ ಟ್ಯಾಬ್ಲೆಟ್ ಬಿಡಿಸಿ, ಡಾಕ್‌ನ ಪವರ್ ಅಡಾಪ್ಟರನ್ನೂ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕುವುದು. ಟ್ಯಾಬ್ಲೆಟ್ ಅನ್ನು ಶಟ್‌ಡೌನ್ ಮಾಡಿದೆ ಎನ್ನುವವರಿಗೆ ರೀಸ್ಟಾರ್ಟ್ ಮಾಡಿ ಎನ್ನುತ್ತೇನೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಹೊಸದಾಗಿ ಏಳುವುದಿಲ್ಲ, ಹಳೆಯ ಸ್ಥಿತಿಯನ್ನೇ ಡಿಸ್ಕ್‌ನಿಂದ ಎತ್ತಿಕೊಳ್ಳುತ್ತದೆ.

ಈಗ ಟಿಕೆಟ್, ಅಂದರೆ ದಾಖಲಾದ ದೂರು, ಬಂದರೆ ಮೇಜಿನ ಹತ್ತಿರ ಹೋಗುವ ಮುಂಚೆ ನಾಲ್ಕು ವಿವರ ಕೇಳುತ್ತೇನೆ: ಟ್ಯಾಬ್ಲೆಟ್ ಮಾಡೆಲ್, ಡಾಕ್ ಮಾಡೆಲ್, ಎರಡು ಮಾನಿಟರ್‌ಗಳ ರೆಸಲ್ಯೂಷನ್, ಮತ್ತು ಇತ್ತೀಚೆಗೆ ಮೇಜಿಗೆ ಹೊಸದಾಗಿ ಏನು ಬಂತು. ಕೊನೆಯ ಪ್ರಶ್ನೆಗೆ ಮೊದಲು "ಏನೂ ಇಲ್ಲ" ಎಂದೇ ಉತ್ತರ ಬರುತ್ತದೆ. ಸ್ವಲ್ಪ ತಡೆದು, "ಹಾಂ, ಮಾನಿಟರ್ ಮಾತ್ರ ಬದಲಾಯಿಸಿದ್ರು" ಎನ್ನುತ್ತಾರೆ.