ಬ್ರಿಸ್ಟಲ್ ಮೇಲೆ, 1819 ಅಡಿಯಲ್ಲಿ

ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಸಂಖ್ಯೆ 1819. ಲಿಂಗನಮಕ್ಕಿ ತುಂಬಿದಾಗ ನೀರು ನಿಲ್ಲುವ ಮಟ್ಟ ಅದು, ಸಮುದ್ರ ಮಟ್ಟದಿಂದ ಅಷ್ಟು ಅಡಿ. ವಿಮಾನದ ಎತ್ತರವನ್ನೂ ಅಡಿಯಲ್ಲೇ ಹೇಳುತ್ತಾರಲ್ವಾ, ಹಾಗಾಗಿ ವಿಮಾನ ಹಾರಿಸುವ ಕಂಪ್ಯೂಟರ್ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತುವಾಗ ನಾನು ಸೆಸ್ನಾ 172 ಅನ್ನೋ ಸಣ್ಣ ವಿಮಾನವನ್ನು ಬೇಕಂತಲೇ 1819 ಅಡಿಯಲ್ಲಿ ಹಾರಿಸುತ್ತೇನೆ. ಅಲ್ಲಿನ ವಿಮಾನ ನಿಲ್ದಾಣ ಇರುವುದು 622 ಅಡಿಯಲ್ಲಿ. ದಕ್ಷಿಣಕ್ಕಿರುವ ಮೆಂಡಿಪ್ ಗುಡ್ಡಗಳಲ್ಲಿ ಎಲ್ಲಕ್ಕಿಂತ ಎತ್ತರದ ಬ್ಲ್ಯಾಕ್ ಡೌನ್ 1066 ಅಡಿ. ಅಂದರೆ ಅವರ ಗುಡ್ಡದ ನೆತ್ತಿ ನಮ್ಮ ಹಿನ್ನೀರಿಗಿಂತ ಎಷ್ಟೋ ಕೆಳಗೆ!

ಬ್ರಿಸ್ಟಲ್ಲೇ ಯಾಕೆ ಅಂದರೆ, 2021ರಲ್ಲಿ ಬಂದ ಬ್ರಿಟನ್ ಅಪ್‌ಡೇಟ್‌ನಲ್ಲಿ ಲಂಡನ್, ಆಕ್ಸ್‌ಫರ್ಡ್ ಜೊತೆ ಈ ಊರನ್ನೂ ಆಕಾಶದಿಂದ ತೆಗೆದ ಫೋಟೋಗಳಿಂದ ಮನೆ ಮನೆಯಾಗಿ ಕಟ್ಟಿಕೊಟ್ಟಿದ್ದಾರೆ. ಲಂಡನ್ ಎಲ್ಲರೂ ನೋಡ್ತಾರೆ, ನನಗೆ ನದಿ ಇರುವ ಸಣ್ಣ ಊರು ಸಾಕು. ಏವನ್ ನದಿ ಬಂಡೆ ಸೀಳಿಕೊಂಡು ಹೋಗುವ ಕಮರಿ, ಅದರ ಮೇಲೆ 1864ರಲ್ಲಿ ತೆರೆದ ಕ್ಲಿಫ್ಟನ್ ತೂಗುಸೇತುವೆ. ವಿನ್ಯಾಸ ಎಂಜಿನಿಯರ್ ಬ್ರೂನೆಲ್‌ದು, ಆದರೆ ಸೇತುವೆ ಮುಗಿಯುವ ಮೊದಲೇ, 1859ರಲ್ಲಿ, ಆತ ತೀರಿಕೊಂಡಿದ್ದ. ಸಿಮ್ಯುಲೇಟರ್ ಆಡುವವರಿಗೆಲ್ಲ ಅದರ ಅಡಿಯಲ್ಲಿ ನುಸುಳುವ ಚಪಲ. ಆಟದಲ್ಲಿ ಬಿದ್ದರೆ ಮತ್ತೆ ಶುರುಮಾಡಬಹುದು. 1957ರಲ್ಲಿ ವಾಯುಪಡೆಯ ಪೈಲಟ್ ಒಬ್ಬ ನಿಜವಾದ ವ್ಯಾಂಪೈರ್ ಜೆಟ್‌ನಲ್ಲಿ ಅಡಿಯಿಂದ ನುಗ್ಗಿ, ಕಮರಿಯ ಪಕ್ಕಕ್ಕೆ ಬಡಿದು ಸತ್ತ.

ಉತ್ತರದಲ್ಲಿ ಫಿಲ್ಟನ್. ಬ್ರಿಟನ್ನಿನಲ್ಲಿ ಜೋಡಿಸಿದ, ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾನ್‌ಕಾರ್ಡ್ 1969ರ ಏಪ್ರಿಲ್‌ನಲ್ಲಿ ಮೊದಲು ಹಾರಿದ್ದು ಇಲ್ಲಿಂದ, 2003ರಲ್ಲಿ ಕೊನೆಯ ಕಾನ್‌ಕಾರ್ಡ್ ಬಂದು ಇಳಿದದ್ದೂ ಇಲ್ಲೇ.

ಇಷ್ಟೆಲ್ಲ ಚೆನ್ನಾಗಿ ಮಾಡಿದವರು ನೀರನ್ನು ಮಾತ್ರ ಸತ್ತಂತೆ ಬಿಟ್ಟಿದ್ದಾರೆ. ನನ್ನ ತಕರಾರು ಇದೊಂದೇ. ಸೆವರ್ನ್ ನದಿ ಕಡಲು ಸೇರುವಲ್ಲಿ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ 14 ಮೀಟರ್ ತನಕ ಹೋಗುತ್ತೆ, ಜಗತ್ತಿನಲ್ಲೇ ಅತಿ ಹೆಚ್ಚು ಏರಿಳಿತ ಇರುವ ಜಾಗಗಳಲ್ಲಿ ಅದೂ ಒಂದು. ಏವನ್ ಕೂಡ ಅದರ ಜೊತೆಗೇ ಏರಿ ಇಳಿಯುತ್ತೆ. ಹಿಂದೆ ಇಳಿತದ ಹೊತ್ತಿಗೆ ಬ್ರಿಸ್ಟಲ್ ಬಂದರಿನ ಹಡಗುಗಳು ಕೆಸರಲ್ಲಿ ಕೂತುಬಿಡುತ್ತಿದ್ದವು, ಅದಕ್ಕೇ 1809ರಲ್ಲಿ ಬಾಗಿಲು ಹಾಕಿ ನೀರು ಹಿಡಿದಿಡುವ ಬಂದರು ಮಾಡಿಕೊಂಡರು. ಆ ಬಂದರು ಆಟದಲ್ಲಿ ಚೆಂದ ಕಾಣುತ್ತೆ, ಆದರೆ ಅದು ಯಾಕೆ ಬೇಕಾಯಿತು ಅಂತ ಗೊತ್ತಾಗಲ್ಲ, ಯಾಕಂದ್ರೆ ಹೊರಗಿನ ನದಿಯೂ ಯಾವಾಗಲೂ ಒಂದೇ ಮಟ್ಟ. ಹಿನ್ನೀರಿನ ದಡದಲ್ಲಿ ಬೆಳೆದವರಿಗೆ ಇದು ಕಣ್ಣಿಗೆ ಚುಚ್ಚುತ್ತೆ. ನಮ್ಮಲ್ಲಿ ನೀರು ಇಳಿಯುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದು ಬಂದಾಗ ಜನ ಗಾಡಿ ಕಟ್ಟಿಕೊಂಡು ನೋಡೋಕೆ ಹೋಗ್ತಾರೆ. ಅಲ್ಲಿ ದಿನಕ್ಕೆರಡು ಸಲ ನಡೆಯುವ ಈ ದೊಡ್ಡ ಕತೆಯೇ ಆಟದಲ್ಲಿಲ್ಲ.

ಒಂದು ರಾತ್ರಿ 1966ರ ಸೆವರ್ನ್ ಸೇತುವೆ ದಾಟುತ್ತಿದ್ದೆ. ಊಟ ಮುಗಿಸಿ ಬಂದ ಅಪ್ಪಯ್ಯ ಹಿಂದೆ ನಿಂತು ನೋಡಿದರು.

"ಇದಕ್ಕೂ ಮುಂಚೆ ಅಲ್ಲಿ ಲಾಂಚ್ ಇತ್ತನಾ?"

"ಇತ್ತು ಅಪ್ಪಯ್ಯ, ಕಾರನ್ನೂ ದಾಟಿಸ್ತಿತ್ತು. ಸೇತುವೆ ಆದ್ಮೇಲೆ ನಿಂತೋಯ್ತು."

"ಹೂಂ," ಅಂದು ಕವಳ ಹಾಕಿಕೊಳ್ಳೋಕೆ ಹೋದರು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಆಗುವ ತನಕ ಹಿನ್ನೀರು ದಾಟಿಸುವ ಲಾಂಚಿಗೆ ಕಾದು ಕಾದು ಸಾಕಾದವರು ಅವರು. ಅವರ ತಲೆಯಲ್ಲಿ ಏನು ಓಡಿತೋ, ನಾನು ಕೇಳಲಿಲ್ಲ.

ನಮ್ಮೂರನ್ನೂ ಆಟದಲ್ಲಿ ನೋಡಿದ್ದೇನೆ. ಗುಡ್ಡಗಳ ಏರಿಳಿತ ಸರಿ ಇದೆ, ಆದರೆ ಅಡಿಕೆ ತೋಟವೆಲ್ಲ ಯಾವುದೋ ಕಾಡು, ಮನೆಗಳು ಕಂಪ್ಯೂಟರ್ ಊಹೆ ಮಾಡಿ ಇಟ್ಟ ಡಬ್ಬಗಳು. ಹಾಗಂತ ಬೇಜಾರಿಲ್ಲ, ಬೇಕಾದರೆ ಬೈಕ್ ಹತ್ತಿ ಹೋಗಿ ನೋಡಬಹುದು.

ನೀವೂ ಹಾರಿಸುವುದಾದರೆ ಎರಡು ಮಾತು. ಚಿತ್ರವೆಲ್ಲ ಇಂಟರ್ನೆಟ್‌ನಿಂದ ಆಗಿಂದಾಗ್ಗೆ ಇಳಿದು ಬರಬೇಕು, ಹಾಗಾಗಿ ಗಾಳಿ ಮಳೆಗೆ ನೆಟ್ ನಿಧಾನವಾದ ದಿನ ಬ್ರಿಸ್ಟಲ್ಲಿನ ಮನೆಗಳು ಕರಗಿದ ಬೆಲ್ಲದಂತೆ ಕಾಣುತ್ತವೆ. ಇನ್ನು ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ, ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ನಿಧಾನಕ್ಕೆ ಕೂತರೆ ಕತ್ತಲೇ ಗತಿ. ಸಮಯವನ್ನು ಕೈಯಾರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.