ಇಂಟರ್ನ್‌ಗಳ ವರದಿಯಲ್ಲಿ ನಾನು ಮೊದಲು ಹುಡುಕುವ 'ಹೂಂ ಮೇಡಂ'

ಕೌನ್ಸೆಲಿಂಗ್ ಕಲಿಯಲು ಬರುವ ಎಂ.ಎಸ್ಸಿ. ಸೈಕಾಲಜಿ, ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ವಿದ್ಯಾರ್ಥಿಗಳ ಮೊದಲ ವಾರದ ವರದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. 'ಕ್ಲೈಂಟ್ ಜೊತೆ ಉತ್ತಮ ಬಾಂಧವ್ಯ ಬೆಳೆಸಲಾಯಿತು. ಸಮಸ್ಯೆಯನ್ನು ಆಲಿಸಲಾಯಿತು. ಧೈರ್ಯ ತುಂಬಲಾಯಿತು. ಮುಂದಿನ ವಾರ ಬರಲು ತಿಳಿಸಲಾಯಿತು.' ಓದಿದರೆ ಎಲ್ಲ ಸರಿಯಾಗೇ ನಡೆದಿದೆ ಅನಿಸುತ್ತದೆ. ಆದರೆ ಮುಂದಿನ ವಾರ ಆ ಕ್ಲೈಂಟ್ ಬಂದಿರುವುದಿಲ್ಲ.

ನಾನು ಕೋಲಾರದ ಒಂದು ಚಿಕ್ಕ ಆಪ್ತಸಮಾಲೋಚನೆ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಕಾಲೇಜುಗಳಿಂದ ಬರುವ ಇಂಟರ್ನ್‌ಗಳ ಸೂಪರ್‌ವಿಷನ್, ಅಂದರೆ ಅವರು ನೋಡಿದ ಕೇಸ್‌ಗಳ ಬಗ್ಗೆ ವಾರವಾರ ಜೊತೆಗೆ ಕೂತು ಮಾತಾಡಿ ತಿದ್ದುವುದು, ನನ್ನ ಪಾಲಿನದು. ನಮ್ಮಲ್ಲಿಗೆ ಬರುವವರು ಎಲ್ಲ ಥರದವರು. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಹೆಣ್ಣುಮಕ್ಕಳು, ಬಂಗಾರಪೇಟೆಯಿಂದ ದಿನಾ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿಬರುವ ಹುಡುಗರು, ಟೊಮೆಟೊ ರೇಟು ಬಿದ್ದಾಗ ಮಂಕಾಗುವ ರೈತರು, ಹಾಸ್ಟೆಲ್‌ನ ಪಿಯುಸಿ ಮಕ್ಕಳು. ಮುಂದೆ ಬರೆದಿರುವ ಪ್ರಸಂಗಗಳಲ್ಲಿ ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಎರಡು ಮೂರು ಜನರ ಕಥೆ ಸೇರಿಸಿ ಒಂದು ಮಾಡಿದ್ದೂ ಇದೆ.

ಮೊದಲ ದಿನವೇ ಇಂಟರ್ನ್‌ಗಳಿಗೆ ಒಂದು ಮಾತು ಹೇಳುತ್ತೇನೆ. ನನಗೆ ಸಾರಾಂಶ ಬೇಡ. ನೀನು ಏನಂದೆ, ಅವರು ಏನಂದರು, ಅದಕ್ಕೆ ನೀನು ಏನಂದೆ, ಅಷ್ಟೇ ಬರೆದು ತಾ. ಪುಸ್ತಕದಲ್ಲಿ ಇದನ್ನು ವರ್ಬೇಟಿಮ್ ಅನ್ನುತ್ತಾರೆ. ಅಮೆರಿಕದ ಕಾರ್ಲ್ ರೋಜರ್ಸ್ 1940ರ ಹೊತ್ತಿಗೇ ಕೌನ್ಸೆಲಿಂಗ್ ಮಾತುಕತೆಯನ್ನು ಗ್ರಾಮಫೋನ್ ಡಿಸ್ಕ್‌ಗಳಲ್ಲಿ ರೆಕಾರ್ಡ್ ಮಾಡಿ, ಅದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಬಳಸುತ್ತಿದ್ದರು. ನಾವು ರೆಕಾರ್ಡ್ ಮಾಡುವುದಿಲ್ಲ. ಮೇಜಿನ ಮೇಲೆ ಫೋನ್ ಇಟ್ಟರೆ ಸಾಕು, ನಮ್ಮ ಕಡೆಯ ಹೆಂಗಸರು ಸೆರಗು ಸರಿ ಮಾಡಿಕೊಂಡು ಸುಮ್ಮನಾಗುತ್ತಾರೆ. ಆ ಫೋನ್ ಯಾರ ಕೈಗೆ ಸಿಗುತ್ತದೋ ಅನ್ನುವ ಭಯ ನನಗೂ ಇದೆ. ಹಾಗಾಗಿ ಕ್ಲೈಂಟ್ ಹೊರಟ ತಕ್ಷಣ, ಟೀ ಕುಡಿಯುವ ಮೊದಲು, ನೆನಪಿರುವಷ್ಟನ್ನು ಬರೆಯಬೇಕು. ಹೆಸರು, ಊರು ಹಾಕುವಂತಿಲ್ಲ.

ಅಂಥ ಒಂದು ಪುಟ ಹೀಗಿತ್ತು.

'ರಾತ್ರಿ ನಿದ್ದೆ ಬರಲ್ಲ ಮೇಡಂ. ಮಲಗಿದ್ರೆ ಎದೆ ಡಬಡಬ ಅಂತದೆ.'
'ಟೆನ್ಷನ್ ಮಾಡ್ಕೋಬೇಡಿ ಅಮ್ಮ. ನಿಮಗೇನೂ ಆಗಲ್ಲ.'
'ಹೂಂ ಮೇಡಂ.'
'ಮಲಗೋ ಮುಂಚೆ ಹತ್ತು ಸಲ ಉಸಿರು ಎಳ್ಕೊಂಡು ಬಿಡಿ.'
'ಹೂಂ ಮೇಡಂ.'

ಇಂಥ ಪುಟ ಕೈಗೆ ಬಂದರೆ ನಾನು ಪೆನ್ಸಿಲ್ ತಗೊಂಡು 'ಹೂಂ ಮೇಡಂ' ಬಂದ ಕಡೆಯೆಲ್ಲ ಗೆರೆ ಎಳೆಯುತ್ತೇನೆ. ಆಮೇಲೆ ಅದರ ಹಿಂದಿನ ಸಾಲು ಓದು ಅನ್ನುತ್ತೇನೆ. ಹೆಚ್ಚಿನ ಸಲ ಅಲ್ಲೊಂದು ಬುದ್ಧಿಮಾತು ಇರುತ್ತದೆ. ಆಯಮ್ಮ ಇನ್ನೂ ಬಾಯಿ ಬಿಡುತ್ತಿದ್ದರು, ನಾವು ಉತ್ತರ ಕೊಟ್ಟು ಮುಗಿಸಿಬಿಟ್ಟೆವು. ದೊಡ್ಡ ಓದು ಓದಿದ ಹುಡುಗಿ ಹೇಳುತ್ತಿದ್ದಾಳೆ, ಎದುರು ಮಾತಾಡುವುದು ಚೆನ್ನಾಗಿರಲ್ಲ ಅಂತ ಅವರು ಒಪ್ಪಿಕೊಂಡರು. ಒಪ್ಪಿದ್ದು ಮರ್ಯಾದೆಗೆ. ಇಂಟರ್ನ್ ಅದನ್ನು 'ಬಾಂಧವ್ಯ' ಅಂತ ಬರೆದಳು.

ಈ ಪುಟದ ಹುಡುಗಿ ಎರಡನೇ ಭೇಟಿಯಲ್ಲಿ ಒಂದೇ ಪ್ರಶ್ನೆ ಬದಲಿಸಿದಳು. 'ಎದೆ ಡಬಡಬ ಅನ್ನೋದು ಯಾವಾಗ ಶುರುವಾಗುತ್ತೆ?' ಅಂತ ಕೇಳಿ ಸುಮ್ಮನಾದಳು. ಆಯಮ್ಮ ಹೇಳಿದ್ದು: 'ಬೈಕ್ ಸೌಂಡ್ ಕೇಳಿದ್ರೆ ಸಾಕು.' ಬೈಕ್ ಯಾರದ್ದು ಅಂದರೆ ಮೈಕ್ರೋಫೈನಾನ್ಸ್ ಕಂತು ವಸೂಲಿಗೆ ಬರುವವನದ್ದು. ಮೂರು ಕಡೆ ಸಾಲ, ಸಾಲದ ಗುಂಪಿನ ಬೇರೆ ಹೆಂಗಸರ ಬೈಗುಳ, ಗಂಡನಿಗೆ ಗೊತ್ತಿಲ್ಲ. ಉಸಿರಾಟದ ವ್ಯಾಯಾಮ ಕೆಟ್ಟದ್ದಲ್ಲ. ಆದರೆ ಬಾಗಿಲಲ್ಲಿ ವಸೂಲಿಯವನು ನಿಂತಿರುವಾಗ ಬರೀ ಉಸಿರು ಎಣಿಸಿ ಏನು ಮಾಡುವುದು?

ಹಾಗಾಗಿ ಆ ವಾರದ ಸೂಪರ್‌ವಿಷನ್‌ನಲ್ಲಿ ಸೈಕಾಲಜಿಗಿಂತ ಕಾನೂನೇ ಜಾಸ್ತಿ ಆಯಿತು. ವಸೂಲಿ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತ್ತು ಅನ್ನುವುದು ಆ ಹುಡುಗಿಗೆ ಗೊತ್ತಿರಲಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಇದು 1987ರ ಕಾಯ್ದೆಯಲ್ಲೇ ಇದೆ. ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕೌನ್ಸೆಲರ್ ಲಾಯರ್ ಆಗಬೇಕಾಗಿಲ್ಲ, ಯಾವ ಬಾಗಿಲು ತಟ್ಟಬೇಕು ಅನ್ನುವಷ್ಟು ಗೊತ್ತಿದ್ದರೆ ಸಾಕು.

ಈಗ ತರಬೇತಿಯ ಗಂಟೆಗಳ ವಿಷಯ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಅನ್ನುವ ಸಂಸ್ಥೆಯ ನಿಯಮ ನೋಡಿ. ಮೊದಲು 100 ಗಂಟೆಯ ಪ್ರಾಕ್ಟಿಕಮ್ ಅನ್ನುವ ಆರಂಭದ ತರಬೇತಿ, ಅದರಲ್ಲಿ 40 ಗಂಟೆ ನೇರವಾಗಿ ಕ್ಲೈಂಟ್‌ಗಳ ಜೊತೆ. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಕ್ಲೈಂಟ್‌ಗಳ ಜೊತೆ. ನಮ್ಮ ಇಂಟರ್ನ್‌ಗಳು ಇದನ್ನು ಕೇಳಿ 'ಅಬ್ಬಾ, 600ಆ!' ಅನ್ನುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಬೇರೆ. ಅಲ್ಲಿ ವಾರಕ್ಕೆ ಸರಾಸರಿ ಒಂದು ಗಂಟೆ ಸೂಪರ್‌ವೈಸರ್ ಒಬ್ಬ ಅಥವಾ ಇಬ್ಬರು ವಿದ್ಯಾರ್ಥಿಗಳ ಜೊತೆ ಕೂರಲೇಬೇಕು. ಅದರ ಮೇಲೆ ವಾರಕ್ಕೆ ಸರಾಸರಿ ಒಂದೂವರೆ ಗಂಟೆ ಗುಂಪಿನಲ್ಲಿ. ಈ ಗಂಟೆ ಇಲ್ಲದಿದ್ದರೆ 600 ಆದರೂ ಅಷ್ಟೇ, 60 ಆದರೂ ಅಷ್ಟೇ. ಮಾಡಿದ್ದನ್ನೇ ಮಾಡಿಕೊಂಡು ಹೋಗುತ್ತಾರೆ.

ನಮ್ಮ ಕಡೆ ಒಂದೊಂದು ಕಾಲೇಜು ಒಂದೊಂದು ಥರ. ಎಂ.ಎಸ್.ಡಬ್ಲ್ಯೂ.ನಲ್ಲಿ ಫೀಲ್ಡ್‌ವರ್ಕ್ ಅನ್ನುವುದು ಪದ್ಧತಿಯಾಗಿ ಬೆಳೆದು ಬಂದಿದೆ, ವಾರದಲ್ಲಿ ಅದಕ್ಕೇ ಅಂತ ದಿನಗಳಿರುತ್ತವೆ. ಕೆಲವು ಸೈಕಾಲಜಿ ವಿದ್ಯಾರ್ಥಿಗಳು ಮಾತ್ರ ರಜೆಯಲ್ಲಿ ಬಂದು, ಸರ್ಟಿಫಿಕೇಟ್ ಯಾವಾಗ ಕೊಡ್ತೀರಾ ಅಂತ ಮೊದಲು ಕೇಳುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಕಾಲೇಜು ಕೇಳಿದ್ದು ಸರ್ಟಿಫಿಕೇಟ್ ಆದರೆ ಅವರು ತರುವುದೂ ಅದನ್ನೇ ಅಲ್ವಾ? ನಾನು ಕಾಲೇಜಿಗೆ ಒಂದು ಷರತ್ತು ಹಾಕುತ್ತೇನೆ. ವಾರದ ಸೂಪರ್‌ವಿಷನ್ ತಪ್ಪಿಸಿಕೊಂಡರೆ ಆ ವಾರ ಕ್ಲೈಂಟ್ ನೋಡುವಂತಿಲ್ಲ. ನಾನು ರಜೆ ಹಾಕಿದರೂ ಇದೇ ಲೆಕ್ಕ.

ಕ್ಲೈಂಟ್ ಮುಂದೆ ಕೂತು ಮೊದಲು ಹೇಳಬೇಕಾದ ಮಾತುಗಳಿವೆ. ಅದನ್ನು ಬಾಯಿಪಾಠ ಮಾಡಿಸುತ್ತೇನೆ, ನಾಚಿಕೆ ಇಲ್ಲದೆ. 'ನಾನು ಡಾಕ್ಟರ್ ಅಲ್ಲ. ಇನ್ನೂ ಕಲಿಯುತ್ತಿದ್ದೇನೆ. ನೀವು ಹೇಳಿದ್ದನ್ನು ನಮ್ಮ ಮೇಡಂ ಜೊತೆ ಮಾತಾಡುತ್ತೇನೆ. ಬೇರೆ ಯಾರಿಗೂ ಹೇಳಲ್ಲ. ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಅಥವಾ ಮಕ್ಕಳ ಮೇಲೆ ದೌರ್ಜನ್ಯದ ವಿಷಯ ಇದ್ದರೆ, ಸುಮ್ಮನಿರೋಕೆ ಆಗಲ್ಲ.' ಕಲಿಯುತ್ತಿದ್ದೇನೆ ಅಂದರೆ ಜನ ಎದ್ದು ಹೋಗುತ್ತಾರೆ ಅಂತ ಇಂಟರ್ನ್‌ಗಳಿಗೆ ಹೆದರಿಕೆ. ಒಬ್ಬ ಅಜ್ಜಿ ಅಂದಿದ್ದು ಬೇರೆಯೇ: 'ಹಂಗಾದ್ರೆ ಇಬ್ಬಿಬ್ರು ನೋಡ್ತೀರಾ? ಒಳ್ಳೇದೇ ಆಯ್ತಲ್ಲ.' ಅಂದಹಾಗೆ ಎಷ್ಟು ಹೇಳಿದರೂ ನಮ್ಮ ಜನ 'ಡಾಕ್ಟರಮ್ಮ' ಅಂತಲೇ ಕರೆಯುತ್ತಾರೆ. ಪ್ರತಿ ಸಲ ತಿದ್ದಬೇಕು.

ಮಕ್ಕಳ ವಿಷಯದ ಷರತ್ತು ಸುಮ್ನೆ ಹಾಕಿದ್ದಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಕೌನ್ಸೆಲರ್‌ಗೆ ವಿನಾಯಿತಿ ಇಲ್ಲ. ಹಾಸ್ಟೆಲ್ ಹುಡುಗಿ ಅಳುತ್ತಾ 'ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಅಕ್ಕಾ' ಅಂತ ಕೈ ಚಾಚಿದರೆ ಇಪ್ಪತ್ತೆರಡರ ಇಂಟರ್ನ್‌ಗೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು ಕಷ್ಟ. ಆದರೆ ಆ ಪ್ರಾಮಿಸ್ ಮುರಿಯುವ ದಿನ ಮಗು ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ. ಮೊದಲೇ ಹೇಳಿದ್ದರೆ ಕನಿಷ್ಠ ಮೋಸ ಅನಿಸುವುದಿಲ್ಲ. ಬಾಲ್ಯವಿವಾಹದ ಮಾತು ಬಂದರೆ ಮಕ್ಕಳ ಸಹಾಯವಾಣಿ 1098 ಇದೆ, ಆ ಫೋನ್ ನಾನು ಮಾಡುತ್ತೇನೆ. ಇಂಟರ್ನ್ ಒಬ್ಬಳೇ ಹೊರಬಾರದ ಭಾರ ಅದು.

ಪುಸ್ತಕಕ್ಕೂ ಕೋಲಾರಕ್ಕೂ ಜಗಳ ಬೀಳುವ ಜಾಗ ಒಂದಿದೆ. ನಿಮ್ಮ ಸ್ವಂತ ವಿಷಯ ಹೇಳಬೇಡಿ ಅಂತ ಕ್ಲಾಸಿನಲ್ಲಿ ಕಲಿಸಿರುತ್ತಾರೆ. ಇಲ್ಲಿ ಕ್ಲೈಂಟ್ ಕೂತ ತಕ್ಷಣ 'ಯಾವೂರಮ್ಮ ನಿಮ್ಮದು?' ಅಂತ ಶುರು ಮಾಡುತ್ತಾರೆ. ಆಮೇಲೆ 'ಮದುವೆ ಆಗಿದೆಯಾ?' ಆಮೇಲೆ ದನಿ ತಗ್ಗಿಸಿ 'ಯಾವ ಜನ ನೀವು?' ಊರಿನ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅಹಂಕಾರ ಅನಿಸುತ್ತದೆ, ಕೊಟ್ಟುಬಿಡಿ. ಮದುವೆ ಪ್ರಶ್ನೆ ನಿಮ್ಮಿಷ್ಟ. ಜಾತಿ ಪ್ರಶ್ನೆಗೆ ಉತ್ತರ ಕೊಡಬೇಡಿ, ಮುಖ ಗಂಟು ಹಾಕಿಕೊಳ್ಳಲೂ ಬೇಡಿ. ಕೇಳುವವರಿಗೆ ಅಲ್ಲೊಂದು ಆತಂಕ ಇರುತ್ತದೆ. ನನ್ನ ಕಥೆ ಇವರ ಕಡೆಯವರಿಗೆ ಹೋಗಿಬಿಡುತ್ತದಾ, ಇವರು ನನ್ನನ್ನು ಕೀಳಾಗಿ ನೋಡುತ್ತಾರಾ ಅಂತ. 'ನಾನು ಯಾರಾದರೆ ನಿಮಗೆ ಮಾತಾಡೋಕೆ ಕಷ್ಟ ಆಗುತ್ತೆ?' ಅಂತ ಒಬ್ಬ ಇಂಟರ್ನ್ ತಾನಾಗೇ ಕೇಳಿದ್ದ. ಅವನು ಮೆಲ್ಲಗೆ ಮಾತಾಡುವ ಹುಡುಗ, ಕಾಲೇಜಿನಲ್ಲಿ ಮಾರ್ಕ್ಸ್ ಕಡಿಮೆ. ಆ ಪ್ರಶ್ನೆಯನ್ನು ನಾನೂ ಈಗ ಬಳಸುತ್ತೇನೆ.

ಚಿಕ್ಕ ಊರಿನ ಇನ್ನೊಂದು ತಾಪತ್ರಯ: ಎಲ್ಲರೂ ಎಲ್ಲರಿಗೂ ಸಿಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ, ಕೋಲಾರಮ್ಮನ ಗುಡಿಯಲ್ಲಿ, ಮದುವೆ ಛತ್ರದಲ್ಲಿ. ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದರೆ ಮಾತಾಡುತ್ತೇನೆ ಅಂತ ಮೊದಲೇ ಹೇಳಿಟ್ಟಿರಬೇಕು.

ಭಾಷೆಯದ್ದೂ ಇದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಜನರ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಇಂಟರ್ನ್‌ಗೆ ಬರದಿದ್ದರೆ ಬರುವವರಿಗೆ ಬಿಟ್ಟುಕೊಡಬೇಕು. ಅಂದಾಜಿನ ಮೇಲೆ ತಲೆಯಾಡಿಸುವುದಂತೂ ಬೇಡವೇ ಬೇಡ.

ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಸಾವಿನ ಪ್ರಶ್ನೆ ಕೇಳಿಸುವುದರಲ್ಲಿ. ಇಂಟರ್ನ್‌ಗಳು ಅದರ ಸುತ್ತ ಸುತ್ತುತ್ತಾರೆ. 'ಏನಾದರೂ ಕೆಟ್ಟ ಯೋಚನೆ ಬರುತ್ತಾ?' ಅನ್ನುತ್ತಾರೆ. ಕೆಟ್ಟ ಯೋಚನೆ ಅಂದಮೇಲೆ ಇದೆ ಅಂತ ಯಾರು ಒಪ್ಪುತ್ತಾರೆ? ಕೇಳಿದರೆ ಅವರ ತಲೆಗೆ ನಾವೇ ಆ ವಿಚಾರ ತುಂಬಿದ ಹಾಗಾಗುತ್ತದೆ ಅನ್ನುವುದು ಇವರ ಅಂಜಿಕೆ. ಹಾಗೇನೂ ಆಗುವುದಿಲ್ಲ. ನೇರವಾಗಿ ಕೇಳಿದಾಗ ಹೆಚ್ಚಿನವರು ಉಸಿರು ಬಿಟ್ಟು ಹಗುರಾಗುತ್ತಾರೆ. 'ಸಾಯಬೇಕು ಅಂತ ಅನ್ಸಿದೆಯಾ?' ಈ ಸಾಲನ್ನು ಒಬ್ಬರು ಇನ್ನೊಬ್ಬರ ಮುಖ ನೋಡಿ ಮತ್ತೆ ಮತ್ತೆ ಹೇಳುವಂತೆ ಮಾಡುತ್ತೇನೆ. ಮೊದಲು ನಗು ಬರುತ್ತದೆ, ಆಮೇಲೆ ದನಿ ನಡುಗುತ್ತದೆ, ಆಮೇಲೆ ಮಾಮೂಲಿ ಮಾತಿನ ಥರ ಬಾಯಿಗೆ ಬರುತ್ತದೆ.

ಹೌದು ಅಂದರೆ ಮುಂದೇನು ಅನ್ನುವುದೂ ಮೊದಲೇ ತೀರ್ಮಾನ ಆಗಿರಬೇಕು. ಕ್ಲೈಂಟ್ ರೂಮಿನಲ್ಲಿ ಇರುವಾಗಲೇ ನನ್ನನ್ನು ಕರೆಯಬೇಕು. ಸಂಜೆ ವರದಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ರೈತರ ಮನೆಯಾದರೆ ಕ್ರಿಮಿನಾಶಕ ಎಲ್ಲಿಟ್ಟಿದ್ದಾರೆ ಅಂತ ಕೇಳುತ್ತೇವೆ. ಮನೆಯಲ್ಲಿ ನಂಬುವವರನ್ನು ಅವರ ಒಪ್ಪಿಗೆಯಿಂದ ಕರೆಸಿ, ಅದನ್ನು ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಿಸುತ್ತೇವೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೇ ಹೋಗುತ್ತೇವೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಡುತ್ತೇವೆ. ಅದು 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು. ಹಿಂದೆ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ಪೊಲೀಸ್ ಕೇಸಿನ ಭಯಕ್ಕೆ ಬಾಯಿ ಬಿಡುವುದಿಲ್ಲ. ಅವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮಾತು ಹೇಳಬೇಕು. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಅದರ 115ನೇ ಸೆಕ್ಷನ್ ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಕೊಡುವುದು ಸರ್ಕಾರದ ಹೊಣೆ ಅನ್ನುತ್ತದೆ.

ಇಂಟರ್ನ್‌ಗಳನ್ನು ಒಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಕಳಿಸುತ್ತೇನೆ. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ದನಿ ಕೇಳಿಸುವವರಿಗೆ ಮಾತಿಗಿಂತ ಮೊದಲು ಔಷಧಿ ಬೇಕು ಅನ್ನುವುದನ್ನು ಅಲ್ಲಿ ಕೂತು ನೋಡಿದರೇ ಅರ್ಥವಾಗುವುದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ ಅಂದರೆ ಇವರಿಗೆ ಆಶ್ಚರ್ಯ. ಅಮೆರಿಕದ ಪುಸ್ತಕ ಓದಿದವರಿಗೆ ಬಳ್ಳಾರಿ ಗೊತ್ತಿರುವುದಿಲ್ಲ!

ಕೊನೆಯದಾಗಿ, ಹೊರಡುವ ಸಮಯ. ಸೆಮಿಸ್ಟರ್ ಮುಗಿಯುತ್ತದೆ, ಇಂಟರ್ನ್ ಹೋಗುತ್ತಾರೆ. ಕ್ಲೈಂಟ್‌ನ ಕಷ್ಟ ಸೆಮಿಸ್ಟರ್ ನೋಡಿಕೊಂಡು ಮುಗಿಯುವುದಿಲ್ಲವಲ್ಲ. ಈಗಷ್ಟೇ ಮನಸ್ಸು ಬಿಚ್ಚಿದ ಹುಡುಗ ಮುಂದಿನ ವಾರ ಬಂದು 'ಆ ಅಕ್ಕ ಎಲ್ಲಿ?' ಅಂತ ಕೇಳಿ ವಾಪಸ್ ಹೋದರೆ, ಮತ್ತೆ ಯಾವ ಕೌನ್ಸೆಲರ್ ಹತ್ತಿರವೂ ಹೋಗದೇ ಇರಬಹುದು. ಹೀಗಾಗಿ ಎಷ್ಟು ತಿಂಗಳು ಇರುತ್ತೇನೆ ಅಂತ ಮೊದಲ ಭೇಟಿಯಲ್ಲೇ ಹೇಳಬೇಕು, ನಡುವೆ ನೆನಪಿಸಬೇಕು. ಕೊನೆಯ ಭೇಟಿಗೆ ಮುಂದೆ ನೋಡುವವರೂ ಬಂದು ಜೊತೆಯಲ್ಲಿ ಕೂರಬೇಕು. ಸ್ವಂತ ಫೋನ್ ನಂಬರ್ ಕೊಡುವಂತಿಲ್ಲ. ಇದಕ್ಕೆ ಕೆಲವರು ಅತ್ತಿದ್ದಾರೆ, ಇಂಟರ್ನ್‌ಗಳು. ಆ ಅಳುವಿಗೂ ಸೂಪರ್‌ವಿಷನ್‌ನಲ್ಲಿ ಜಾಗ ಇದೆ.

ಕೊನೆಯ ಮೂರು ವಾರ ಯಾರಿಗೂ ಹೊಸ ಕೇಸ್ ಕೊಡುವುದಿಲ್ಲ. ಗಂಟೆ ಕಡಿಮೆ ಬೀಳುತ್ತದೆ ಅಂತ ಕಾಲೇಜಿನವರು ಗೊಣಗುತ್ತಾರೆ. ಕೇಸ್ ವಹಿಸಿಕೊಡುವ ಕೆಲಸಕ್ಕೆ ಹಿಡಿದ ಸಮಯವನ್ನು ನಾನು ಆ ಗಂಟೆಗಳ ಲೆಕ್ಕದಲ್ಲಿ ಬರೆದು ಸಹಿ ಹಾಕುತ್ತೇನೆ.