ಏರ್ ಕೂಲರ್ ಸಾಕಾ, ಲಿಕ್ವಿಡ್ಡೇ ಬೇಕಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಹೊಸ ಡೆಸ್ಕ್‌ಟಾಪ್ ಜೋಡಿಸೋಕೆ ಹೊರಟೋರು ಪ್ರೊಸೆಸರ್ ಯಾವ್ದು, ಗ್ರಾಫಿಕ್ಸ್ ಕಾರ್ಡ್ ಯಾವ್ದು ಅಂತೆಲ್ಲ ತಾವೇ ತೀರ್ಮಾನ ಮಾಡ್ಕೊಂಡು, ಕೊನೆಗೆ ಒಂದೇ ಒಂದು ಪ್ರಶ್ನೆ ಉಳಿಸ್ಕೊಂಡು ನನ್ ಹತ್ರ ಬರ್ತಾರೆ, ಪ್ರೊಸೆಸರ್ ತಣ್ಣಗಿಡೋಕೆ ಏರ್ ಕೂಲರ್ ಹಾಕ್ಲಾ ಲಿಕ್ವಿಡ್ ಹಾಕ್ಲಾ ಅಂತ. ಏರ್ ಸಾಕು ಅಂದ್ರೆ ಮುಖ ಬಾಡತ್ತೆ. ಗಾಜಿನ ಪ್ಯಾನೆಲ್ ಹಿಂದೆ ಮಿನುಗೋ ಲೈಟು, ಬಳುಕೋ ಎರಡು ಕಪ್ಪು ಪೈಪು, ಎಲ್ಲ ಆಗ್ಲೇ ಕಣ್ಮುಂದೆ ಬಂದ್ಬಿಟ್ಟಿರತ್ತಲ್ಲ.

ನಾನು ತಿರುಗಿ ಕೇಳೋದು ಇಷ್ಟೇ: ನಿಮ್ಮ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯತ್ತೆ, ಅದನ್ನ ಎಷ್ಟು ಹೊತ್ತು ಎಳೆಯತ್ತೆ?

ಯಾಕಂದ್ರೆ ಎರಡು ಕೂಲರ್ರೂ ಮಾಡೋ ಕೆಲಸ ಒಂದೇ. ಬೆರಳುಗುರಿನಷ್ಟು ಸಿಲಿಕಾನ್ ಚೂರಲ್ಲಿ ಹುಟ್ಟೋ ಶಾಖಾನ ಎತ್ಕೊಂಡು ಹೋಗಿ ರೂಮಿನ ಗಾಳಿಗೆ ಬಿಡೋದು. ಲಿಕ್ವಿಡ್ ಅಂದ ತಕ್ಷಣ ಒಳಗೇನೋ ಫ್ರಿಜ್ ಇದೆ ಅನ್ನೋ ಥರ ಮಾತಾಡ್ತಾರೆ, ಹಾಗೇನಿಲ್ಲ, ರೂಮಲ್ಲಿ 30 ಡಿಗ್ರಿ ಇದ್ರೆ ಎರಡರಲ್ಲಿ ಯಾವ್ದೂ ಪ್ರೊಸೆಸರ್‌ನ 30ಕ್ಕಿಂತ ಕೆಳಗೆ ಇಳಿಸೋಕೆ ಆಗಲ್ಲ. ಇನ್ನೊಂದು ತಮಾಷೆ ಏನಪ್ಪ ಅಂದ್ರೆ ಏರ್ ಕೂಲರ್ ಒಳಗೂ ನೀರಿರತ್ತೆ! ಆ ತಾಮ್ರದ ಹೀಟ್ ಪೈಪುಗಳು ಗಟ್ಟಿ ಕಡ್ಡಿಗಳಲ್ಲ, ಟೊಳ್ಳು. ಗಾಳಿ ತೆಗೆದು ಒಳಗೆ ತುಸು ನೀರು ಹಾಕಿ ಸೀಲ್ ಮಾಡಿರ್ತಾರೆ, ಒತ್ತಡ ಕಮ್ಮಿ ಇರೋದ್ರಿಂದ ಆ ನೀರು 100 ಡಿಗ್ರಿಗೆ ಕಾಯದೇ ಬೇಗ ಆವಿಯಾಗಿ ಕೂಲರಿನ ತೆಳು ಲೋಹದ ರೆಕ್ಕೆಗಳ ಕಡೆ ಓಡತ್ತೆ, ಅಲ್ಲಿ ತಣ್ಣಗಾಗಿ ಹನಿಯಾಗತ್ತೆ, ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಪೈಪಿನ ಒಳಗೋಡೆ ಅದನ್ನ ಹೀರ್ಕೊಂಡು ವಾಪಸ್ ತಂದು ಕೆಳಗೆ ಬಿಡತ್ತೆ. ಪಂಪಿಲ್ಲ, ಮೋಟಾರಿಲ್ಲ, ಕರೆಂಟೂ ಬೇಡ.

ಹಾಗಾದ್ರೆ ಲಿಕ್ವಿಡ್‌ಗೆ ಏನು ಹೆಚ್ಚುಗಾರಿಕೆ? ಅದರಲ್ಲಿ ಪುಟ್ಟ ಪಂಪೊಂದು ಪ್ರೊಸೆಸರ್ ಮೇಲೆ ಬಿಸಿಯಾದ ನೀರನ್ನ ಪೈಪಲ್ಲಿ ರೇಡಿಯೇಟರಿಗೆ, ಅಂದ್ರೆ ಫ್ಯಾನು ಕೂರಿಸಿರೋ ಲೋಹದ ಜಾಲರಿಗೆ ತಳ್ಳತ್ತೆ, ಅಲ್ಲಿ ತಣ್ಣಗಾಗಿ ನೀರು ವಾಪಸ್ ಬರತ್ತೆ. ಇದರ ಲಾಭ ಎರಡು: ಜಾಗ, ಮತ್ತೆ ನಿಧಾನ. 360ರ ರೇಡಿಯೇಟರ್ ಅಂದ್ರೆ 120 ಮಿಲಿಮೀಟರ್‌ನ ಮೂರು ಫ್ಯಾನು ಸಾಲಾಗಿ ಕೂರೋವಷ್ಟು ಅಗಲ, ಅಷ್ಟು ದೊಡ್ಡದನ್ನ ಪ್ರೊಸೆಸರ್ ತಲೆ ಮೇಲೆ ಹೇರೋಕಾಗಲ್ಲ, ಪೈಪ್ ಇರೋದ್ರಿಂದ ಕ್ಯಾಬಿನೆಟ್ಟಿನ ಮೇಲ್ಗಡೆಗೋ ಮುಂದುಗಡೆಗೋ ಕೂರಿಸಬಹುದು. ಇನ್ನು ನೀರು ಕಾಯೋಕೆ ಹೊತ್ತು ತಗೊಳ್ಳತ್ತೆ, ಅದೇ ತೂಕದ ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಶಾಖ ಕೊಟ್ರೇನೇ ಒಂದು ಡಿಗ್ರಿ ಏರೋದು. ಅದ್ಕೆ ಏನೋ ಒಂದು ಪ್ರೋಗ್ರಾಂ ತೆಗೆದ ತಕ್ಷಣ ಫ್ಯಾನು ಊಂ... ಅಂತ ಎದ್ದು ಮತ್ತೆ ಮಲಗೋ ಕಾಟ ಲಿಕ್ವಿಡ್ಡಲ್ಲಿ ಕಮ್ಮಿ. ಈ ಕಾಟ ಏರ್ ಕೂಲರಲ್ಲೂ ತಪ್ಪಿಸಬಹುದು ಅನ್ನೋದು ಬೇರೆ ಮಾತು, ಬಯೋಸ್‌ಗೆ (ಮಷೀನ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್ ಪರದೆ) ಹೋಗಿ ಫ್ಯಾನ್ ತಡವಾಗಿ ವೇಗ ಏರೋ ಹಾಗೆ ಕೆಲವು ಸೆಕೆಂಡ್ ಹಾಕಿಟ್ರೆ ಮುಗೀತು.

ಈಗ ವ್ಯಾಟ್ ಲೆಕ್ಕ. ಎಎಂಡಿ ಕಂಪನಿಯ ರೈಜೆನ್ 5 7600 ಥರದ ಪ್ರೊಸೆಸರ್ ಎಷ್ಟು ಹಿಂಡಿದ್ರೂ 88 ವ್ಯಾಟ್‌ಗೆ ನಿಲ್ಲತ್ತೆ, ಅದಕ್ಕೆ ಲಿಕ್ವಿಡ್ ಹಾಕೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇಂಟೆಲ್‌ನ ಐ9 14900ಕೆ ಬೇರೆ ಜಾತಿ, ಟರ್ಬೋದಲ್ಲಿ, ಅಂದ್ರೆ ಪೂರ್ತಿ ವೇಗದಲ್ಲಿ ಓಡುವಾಗ, 253 ವ್ಯಾಟ್, ಗಂಟೆಗಟ್ಲೆ ವಿಡಿಯೋ ರೆಂಡರ್ ಮಾಡೋರಾದ್ರೆ ಅಲ್ಲಿ ಒಳ್ಳೇ ಏರ್ ಕೂಲರ್‌ಗೂ ಉಸಿರು ಕಟ್ಟತ್ತೆ. ಬರೀ ಗೇಮ್ ಆಡೋರು ಇದನ್ನ ಓದಿ ಹೆದರ್ಕೋಬೇಡಿ, ಗೇಮಲ್ಲಿ ಸಾಮಾನ್ಯವಾಗಿ ಜಾಸ್ತಿ ಬಿಸಿಯಾಗೋದು ಗ್ರಾಫಿಕ್ಸ್ ಕಾರ್ಡು, ಅದರ ಶಾಖ ಹೊರಗೆ ಹೋಗೋಕೆ ಕ್ಯಾಬಿನೆಟ್ಟಲ್ಲಿ ಗಾಳಿ ಆಡ್ಬೇಕು ಅಷ್ಟೇ.

95 ಡಿಗ್ರಿ ತೋರಿಸ್ತಿದೆ ಸುಟ್ಟೋಗತ್ತೆ ಅಂತ ಗಾಬರಿಯಾಗಿ ಸ್ಕ್ರೀನ್‌ಶಾಟ್ ಕಳಿಸೋರೂ ಇದ್ದಾರೆ. ರೈಜೆನ್ 7000 ಸೀರೀಸಿನ ದೊಡ್ಡ ಚಿಪ್ಪುಗಳನ್ನ ಪೂರ್ತಿ ಲೋಡಲ್ಲಿ 95ರ ತನಕ ಹೋಗ್ಲಿ ಅಂತಾನೇ ಎಎಂಡಿ ಮಾಡಿರೋದು, ಅಲ್ಲಿಗೆ ಮುಟ್ಟಿದ್ಮೇಲೆ ತಾನೇ ವೇಗ ತಗ್ಗಿಸ್ಕೊಳ್ಳತ್ತೆ. ಚಿಪ್ಪು ಚಿಕ್ಕದು, ಅದರ ಮೇಲಿನ ಲೋಹದ ಮುಚ್ಚಳ ದಪ್ಪ, ಶಾಖ ಆ ಮುಚ್ಚಳ ದಾಟಿ ಬರೋದೇ ತಡ ಆದ್ರೆ ಹೊರಗಡೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟು ಏನು ಪ್ರಯೋಜನ.

ನಾನ್ಯಾಕೆ ಏರ್ ಕಡೆ ವಾಲಿದೀನಿ ಅಂತ ಹೇಳ್ಬಿಡ್ತೀನಿ, ನಾನೂ ಒಂದು ಕಾಲದಲ್ಲಿ 240ರ ಲಿಕ್ವಿಡ್ ಕೂಲರ್ ಹಾಕ್ಕೊಂಡು ಮೆರೆದವನೇ. ನಾಲ್ಕು ವರ್ಷ ಚೆನ್ನಾಗೇ ನಡೀತು. ಐದನೇ ವರ್ಷ ಒಂದಿನ ರಾತ್ರಿ, ಬೆಳಿಗ್ಗೆ ಕೊಡ್ಬೇಕಾಗಿದ್ದ ಕೆಲಸ ಅರ್ಧ ಆಗಿದೆ, ಮಷೀನ್ ಟಪ್ ಅಂತ ಆಫ್. ಮತ್ತೆ ಹಾಕ್ದೆ, ಬಯೋಸಲ್ಲಿ ಸುಮ್ನೆ ಕೂತಿದ್ರೂ 60, 75, 90 ಅಂತ ಮೆಟ್ಲು ಹತ್ತಿದ ಹಾಗೆ ಏರ್ತಾ ಇದೆ. ಫ್ಯಾನೆರಡೂ ಜೋರಾಗಿ ತಿರುಗ್ತಿವೆ, ಲೈಟೂ ಉರೀತಿದೆ, ಎಲ್ಲ ಸರಿ ಇದ್ದ ಹಾಗೇ ಕಾಣತ್ತೆ. ಸೈಡ್ ಪ್ಯಾನೆಲ್ ಬಿಚ್ಚಿ ಎರಡೂ ಪೈಪನ್ನ ಪಂಪಿನ ಹತ್ರ ಬೆರಳಲ್ಲಿ ಹಿಡಿದು ನೋಡ್ದೆ, ಒಂದು ಬಿಸಿ, ಇನ್ನೊಂದು ತಣ್ಣಗೆ. ನೀರು ಓಡ್ತಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಬೆಚ್ಚಗಿರ್ಬೇಕು. ಪಂಪ್ ನಿಂತುಹೋಗಿತ್ತು. ಕೈಯಿಟ್ರೆ ಮೊದಲು ಗೊತ್ತಾಗ್ತಿದ್ದ ಆ ಸಣ್ಣ ನಡುಕ ಕೂಡ ಇರ್ಲಿಲ್ಲ.

ಏರ್ ಕೂಲರಲ್ಲಿ ಕೆಡೋ ಭಾಗ ಅಂದ್ರೆ ಫ್ಯಾನ್ ಒಂದೇ. ಅದು ನಿಂತ್ರೂ ಲೋಹದ ಗುಡ್ಡೆ ಇರತ್ತೆ, ಕ್ಯಾಬಿನೆಟ್ ಗಾಳಿಯಲ್ಲೇ ಮಷೀನ್ ಕುಂಟ್ಕೊಂಡು ನಡೆಯತ್ತೆ, ಬೇರೆ ಫ್ಯಾನ್ ತಂದು ತಂತಿ ಕ್ಲಿಪ್ ಸಿಕ್ಕಿಸಿದ್ರೆ ಆಯ್ತು. ಲಿಕ್ವಿಡ್ಡಲ್ಲಿ ಪಂಪ್ ಹೋದ್ರೆ ಇಡೀ ಸೆಟ್ಟೇ ಹೋಯ್ತು. ಎಲ್ಲರೂ ಹೆದರೋದು ಲೀಕ್‌ಗೆ, ಅದು ಅಪರೂಪ. ನಿಜವಾಗಿ ಆಗೋದು ವರ್ಷಗಟ್ಲೆ ನೀರು ರಬ್ಬರ್ ಪೈಪಿಂದ ತೀರಾ ನಿಧಾನಕ್ಕೆ ಆವಿಯಾಗಿ ಇಂಗೋದು, ಆ ಜಾಗಕ್ಕೆ ಗಾಳಿಗುಳ್ಳೆ ಬರೋದು. ಗುಳ್ಳೆ ಯಾವಾಗ್ಲೂ ಎತ್ತರಕ್ಕೇ ಹೋಗತ್ತೆ, ಆದ್ರಿಂದ ಹಾಕಲೇಬೇಕು ಅನ್ನೋರು ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿ ಇರೋ ಹಾಗೆ ನೋಡ್ಕೊಳ್ಳಿ, ರೇಡಿಯೇಟರ್ ಕೆಳಗೆ ಹಾಕಿದ್ರೆ ಗುಳ್ಳೆ ಬಂದು ಪಂಪಲ್ಲೇ ಕೂತು ಗುಳುಗುಳು ಅನ್ನತ್ತೆ.

ಹಾಗಂತ ಲಿಕ್ವಿಡ್ ಬೇಡ್ವೇ ಬೇಡ ಅಂತಲ್ಲ. 200 ವ್ಯಾಟ್ ಮೇಲೆ ಎಳೆಯೋ ಪ್ರೊಸೆಸರನ್ನ ದಿನವಿಡೀ ದುಡಿಸೋರು ಹಾಕ್ಲಿ. ಕ್ಯಾಬಿನೆಟ್ ಸಪೂರ ಇದ್ದು ಎತ್ತರದ ಕೂಲರ್ ಹಿಡಿಯದೇ ಇರೋರೂ ಹಾಕ್ಲಿ. ನಾಕ್ಟುವಾ ಎನ್‌ಎಚ್-ಡಿ15 ಥರದ ದೊಡ್ಡ ಏರ್ ಕೂಲರ್ 165 ಮಿಲಿಮೀಟರ್ ಎತ್ತರ, ಫ್ಯಾನ್ ಸೇರಿ ಒಂದೂಕಾಲು ಕೆಜಿ ಮೇಲೆ ತೂಕ, ಆಗಾಗ ಮಷೀನ್ ಸಾಗಿಸೋರಿಗೆ ಅದನ್ನ ಮದರ್‌ಬೋರ್ಡಿಗೆ ನೇತುಹಾಕ್ಕೊಂಡು ಓಡಾಡೋದು ಭಯವೇ. ಚೆಂದ ಕಾಣತ್ತೆ ಅಂತ ಹಾಕ್ಸೋದೂ ತಪ್ಪಲ್ಲ ಬಿಡಿ, ಆದ್ರೆ ಚೆಂದಕ್ಕೆ ಅಂತಾನೇ ಹೇಳಿ, ತಂಪಿಗೆ ಅನ್ಬೇಡಿ.

ಯಾವ್ದೇ ಹಾಕಿ, ಕೆಳಗಡೆ ತಾಮ್ರದ ಮೇಲೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ ಮಾರಾಯ್ರೆ. ಸ್ನೇಹಿತನೊಬ್ಬ ಕೂಲರ್ರೇ ಸರಿಯಿಲ್ಲ ಅಂತ ವಾರ ಪೂರ್ತಿ ಬೈಕೊಂಡು ಓಡಾಡಿದ, ಬಿಚ್ಚಿ ನೋಡಿದ್ರೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸೋಕೆ ಹಚ್ಚೋ ಪೇಸ್ಟು ಆ ಹಾಳೆ ಮೇಲೆ ನೀಟಾಗಿ ಹರಡ್ಕೊಂಡಿತ್ತು, ಅದರ ಮೇಲೆ ಬರೆದಿದ್ದ ಎಚ್ಚರಿಕೆ ಅಕ್ಷರಗಳು ಪೇಸ್ಟ್ ಅಡೀಲಿ ಇಷ್ಟಿಷ್ಟೇ ಕಾಣ್ತಿದ್ವು.

ನನ್ನ ಮಷೀನಲ್ಲಿ ಈಗ ಇರೋದು ಎರಡು ಗೋಪುರದ ಏರ್ ಕೂಲರ್. ಸತ್ತ ಆ ಲಿಕ್ವಿಡ್ ಕೂಲರ್‌ನ ಫ್ಯಾನೆರಡನ್ನೂ ಎಸೆಯೋಕೆ ಮನಸ್ಸು ಬರ್ಲಿಲ್ಲ, ಕ್ಯಾಬಿನೆಟ್ ಮುಂದುಗಡೆ ಹಾಕಿದೀನಿ, ಇವತ್ತಿಗೂ ಸದ್ದಿಲ್ಲದೆ ತಿರುಗ್ತಿವೆ.